ಪ್ರವಾಸಿ ಬೈಕ್‌ಗೆ ಏರ್ ಶಾಕ್ ಒಳ್ಳೆಯದೋ, ಸ್ಪ್ರಿಂಗ್ ಒಳ್ಳೆಯದೋ?

ಒಬ್ಬರೇ ಸವಾರಿ ಮಾಡುವಾಗ ಹಿತವಾಗಿದ್ದ ಬೈಕ್, ಹಿಂದೆ ಇನ್ನೊಬ್ಬರು ಕುಳಿತು ಸಾಮಾನಿನ ಪೆಟ್ಟಿಗೆಗಳು ತುಂಬಿದೊಡನೆ ಬೇರೆಯದೇ ವಾಹನದಂತೆ ವರ್ತಿಸತೊಡಗುತ್ತದೆ. ಹಿಂಭಾಗ ಕುಸಿದು ಹೆಡ್‌ಲೈಟ್ ಬೆಳಕು ಎದುರಿನವರ ಕಣ್ಣಿಗೆ ರಾಚುತ್ತದೆ. ತಿರುವಿನಲ್ಲಿ ಕಾಲಿಡುವ ಹಲಗೆ ನೆಲಕ್ಕೆ ಉಜ್ಜುತ್ತದೆ. ರಸ್ತೆ ಉಬ್ಬು ಸಿಕ್ಕರೆ ಪೆಟ್ಟು ನೇರವಾಗಿ ಬೆನ್ನುಮೂಳೆಗೆ ತಾಗುತ್ತದೆ. ಹೀಗಾಗಿ ದೂರ ಪ್ರಯಾಣಿಸುವವರ ಪಾಲಿಗೆ ಹಿಂಬದಿಯ ಸಸ್ಪೆನ್ಷನ್ ಆಯ್ಕೆ ಎಂಬುದು ಸುಖದ ಜತೆಗೆ ಸುರಕ್ಷತೆಯ ಪ್ರಶ್ನೆಯೂ ಹೌದು.

ತಯಾರಕರಲ್ಲೇ ಈ ಬಗ್ಗೆ ಒಮ್ಮತವಿಲ್ಲ. ಹೋಂಡಾ ಕಂಪೆನಿ 1980ರ ಗೋಲ್ಡ್ ವಿಂಗ್ ಜಿಎಲ್ 1100 ಬೈಕ್‌ಗೆ ಗಾಳಿಯ ಸಸ್ಪೆನ್ಷನ್ ಅಳವಡಿಸಿತ್ತು. 2001ರ ಜಿಎಲ್ 1800 ಹೊತ್ತಿಗೆ, ವಿದ್ಯುತ್ ಮೋಟಾರಿನಿಂದ ಬಿಗಿ ಮಾಡುವ ಸ್ಪ್ರಿಂಗ್‌ಗೆ ಹೊರಳಿತು. ಅಮೆರಿಕದ ಹಾರ್ಲೆ ಡೇವಿಡ್‌ಸನ್ ತನ್ನ ಭಾರೀ ಪ್ರವಾಸಿ ಬೈಕ್‌ಗಳಲ್ಲಿ ದೀರ್ಘ ಕಾಲ ಏರ್ ಶಾಕ್ ಬಳಸಿ, 2017ರ ಮಾದರಿಗಳಲ್ಲಿ ಅದನ್ನು ಕೈಬಿಟ್ಟು ಸ್ಪ್ರಿಂಗ್ ಶಾಕ್ ತಂದಿತು. ಅದರ ಪ್ರತಿಸ್ಪರ್ಧಿ ಇಂಡಿಯನ್ ಕಂಪೆನಿಯ ರೋಡ್‌ಮಾಸ್ಟರ್ ಮಾತ್ರ ಗಾಳಿಯನ್ನೇ ನೆಚ್ಚಿಕೊಂಡ ಬೈಕ್.

<b>ಕೆಲಸ ಮಾಡುವ ಬಗೆ</b>

ಸುರುಳಿ ಸ್ಪ್ರಿಂಗ್‌ನ ಲೆಕ್ಕ ಸರಳ. ಮೊದಲ 10 ಮಿ.ಮೀ. ಕುಗ್ಗಲು 20 ಕಿಲೋ ಭಾರ ಬೇಕಾದರೆ, ನಂತರದ 10 ಮಿ.ಮೀ.ಗೂ ಮತ್ತೆ 20 ಕಿಲೋ ಸಾಕು. ಗಾಳಿಯ ಸ್ವಭಾವ ಹಾಗಲ್ಲ. ಮುಚ್ಚಿದ ಕೋಣೆಯೊಳಗಿನ ಗಾಳಿ ಕುಗ್ಗಿದಂತೆಲ್ಲ ಅದರ ಒತ್ತಡ ಏರುತ್ತದೆ. ಗಾತ್ರ ಅರ್ಧಕ್ಕಿಳಿದರೆ ಒಟ್ಟು ಒತ್ತಡ ಇಮ್ಮಡಿಯಾಗುತ್ತದೆ. ಆದ್ದರಿಂದ ಆರಂಭದಲ್ಲಿ ಮೃದುವಾಗಿರುವ ಏರ್ ಶಾಕ್, ದೊಡ್ಡ ಗುಂಡಿಗೆ ಬಿದ್ದಾಗ ತಾನಾಗಿಯೇ ಗಟ್ಟಿಯಾಗುತ್ತದೆ. ಹಲವು ಏರ್ ಶಾಕ್‌ಗಳ ಒಳಗೆ ಸ್ಪ್ರಿಂಗ್ ಕೂಡ ಇರುತ್ತದೆ. ಗಾಳಿ ಅದಕ್ಕೆ ನೆರವಾಗುತ್ತದೆ.

ಒಂದು ಸಂಗತಿಯನ್ನು ಮರೆಯಬಾರದು. ಗಾಳಿಯಾಗಲಿ, ಸ್ಪ್ರಿಂಗ್ ಆಗಲಿ ಭಾರ ಹೊರುತ್ತದೆಯಷ್ಟೆ. ಪುಟಿಯುವುದನ್ನು ತಡೆಯುವುದು ಕಿರಿದಾದ ರಂಧ್ರಗಳ ಮೂಲಕ ಹಾಯುವ ಎಣ್ಣೆ. ಈ ಭಾಗ ಸವೆದಿದ್ದರೆ ಎಷ್ಟೇ ಗಾಳಿ ತುಂಬಿದರೂ ಬೈಕ್ ತೂಗಾಡುವುದು ನಿಲ್ಲದು.

<b>ಗಾಳಿಯ ಅನುಕೂಲ, ಅಪಾಯ</b>

75 ಕಿಲೋ ತೂಕದ ಸವಾರ ಇಂದು ಒಬ್ಬರೇ ಹೊರಟು, ನಾಳೆ ಜತೆಗಾರರು ಮತ್ತು ಸಾಮಾನು ಸೇರಿ 170 ಕಿಲೋ ಹೊರಿಸಿದರೆ, ಹೊರೆ ಎರಡು ಪಟ್ಟಿಗೂ ಹೆಚ್ಚಾಯಿತು. ಏರ್ ಶಾಕ್ ಇದ್ದರೆ ಕೈಪಂಪಿನಿಂದ ಕೆಲವೇ ನಿಮಿಷದಲ್ಲಿ ಇದನ್ನು ಸರಿದೂಗಿಸಬಹುದು. ಒತ್ತಡ ಹೆಚ್ಚಿಸಿದಾಗ ಬೈಕ್‌ನ ಎತ್ತರದ ಜತೆಗೆ ಗಡಸುತನವೂ ಹೆಚ್ಚುತ್ತದೆ.

ದೋಷಗಳೂ ಇವೆ. ಸೀಲ್ ಅಥವಾ ಕೊಳವೆ ಸೋರಿದರೆ ಪ್ರವಾಸದ ನಡುವೆಯೇ ಹಿಂಭಾಗ ಕುಸಿಯುತ್ತದೆ. ಉಷ್ಣತೆಯೂ ಪರಿಣಾಮ ಬೀರುತ್ತದೆ: 20 ಡಿಗ್ರಿಯಲ್ಲಿ 30 ಪಿಎಸ್ಐ ತೋರಿದ ಒತ್ತಡ, ಒಳಗಿನ ಗಾಳಿ 50 ಡಿಗ್ರಿಗೆ ಕಾದಾಗ ಸುಮಾರು 35 ಪಿಎಸ್ಐಗೆ ಏರುತ್ತದೆ. ಪೆಟ್ರೋಲ್ ಬಂಕ್‌ನ ಪೈಪಿನಿಂದಂತೂ ಗಾಳಿ ತುಂಬಲೇಬಾರದು. ಶಾಕ್‌ನ ಗಾಳಿಕೋಣೆ ತೀರಾ ಚಿಕ್ಕದು. ಒಮ್ಮೆಲೇ ನುಗ್ಗುವ ಒತ್ತಡಕ್ಕೆ ಸೀಲ್ ಹಾಳಾಗುತ್ತದೆ. ಕಡಿಮೆ ಒತ್ತಡದ ಮಾಪಕವಿರುವ ಕೈಪಂಪೇ ಬೇಕು.

<b>ಸ್ಪ್ರಿಂಗ್‌ನ ಬಲ, ಮಿತಿ</b>

ಸ್ಪ್ರಿಂಗ್‌ಗೆ ಸೋರುವ ಭಯವಿಲ್ಲ. ಎಣ್ಣೆಯ ಸೀಲ್ ಸೋರಿದರೂ ಭಾರ ಹೊರುವ ಕೆಲಸ ನಿಲ್ಲುವುದಿಲ್ಲ. ಬಿಸಿಲಿಗೂ ಚಳಿಗೂ ಅದರ ವರ್ತನೆ ಒಂದೇ. ಆದರೆ ‘ಪ್ರೀಲೋಡ್’ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ತಪ್ಪು. ಬೈಕ್‌ನ ಹಿಂಭಾಗ ಮೇಲೇಳುತ್ತದೆಯೇ ಹೊರತು ಸ್ಪ್ರಿಂಗ್‌ನ ಗಡಸುತನ ಬದಲಾಗದು. ಸದಾ ಹೆಚ್ಚು ಭಾರ ಹೊರುವವರು ಸ್ಪ್ರಿಂಗನ್ನೇ ಬದಲಿಸಬೇಕಾಗುತ್ತದೆ.

<b>‘ಗ್ಯಾಸ್’ ಶಾಕ್ ಬೇರೆ</b>

ಬಜಾಜ್ ಪಲ್ಸರ್‌ನ ‘ನೈಟ್ರಾಕ್ಸ್’ ಹಾಗೂ ರಾಯಲ್ ಎನ್‌ಫೀಲ್ಡ್ ಬೈಕ್‌ಗಳ ‘ಗ್ಯಾಸ್’ ಶಾಕ್‌ಗಳನ್ನು ಏರ್ ಶಾಕ್ ಎಂದು ಭಾವಿಸುವವರುಂಟು. ಇವುಗಳಲ್ಲಿ ಭಾರ ಹೊರುವುದು ಸುರುಳಿ ಸ್ಪ್ರಿಂಗೇ. ಎಣ್ಣೆ ನೊರೆಗಟ್ಟದಂತೆ ತಡೆಯುವುದಷ್ಟೇ ಒಳಗಿನ ಅನಿಲದ ಕೆಲಸ. ಇವುಗಳಿಗೆ ಗಾಳಿ ತುಂಬಲು ಹೋಗಬಾರದು.

<b>ಆಯ್ಕೆ ಹೇಗೆ?</b>

ಹೊಸ ಶಾಕ್‌ಗೆ ಹಣ ಸುರಿಯುವ ಮೊದಲು ಟೇಪು ಹಿಡಿದು ಅಳೆಯುವುದು ಲೇಸು. ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆಯಬೇಕು. ಬಳಿಕ ಸವಾರರು, ಸಾಮಾನು ಎಲ್ಲ ಏರಿದ ಮೇಲೆ ಮತ್ತೆ ಅಳೆಯಬೇಕು. ವ್ಯತ್ಯಾಸ, ಚಕ್ರದ ಒಟ್ಟು ಚಲನೆಯ ಮೂರನೇ ಒಂದು ಭಾಗವನ್ನು ಮೀರದಿದ್ದರೆ ಸರಿ. ಪ್ರೀಲೋಡ್ ಪೂರ್ತಿ ಬಿಗಿದರೂ ಅದಕ್ಕಿಂತ ಹೆಚ್ಚು ಕುಸಿದರೆ ಸ್ಪ್ರಿಂಗ್ ಆ ಹೊರೆಗೆ ಸಾಲದೆಂದೇ ಅರ್ಥ.

ಹೊರೆ ಪದೇ ಪದೇ ಬದಲಾಗುವವರಿಗೆ, ಪ್ರತಿ ಪ್ರಯಾಣಕ್ಕೂ ಮುನ್ನ ಒತ್ತಡ ಪರೀಕ್ಷಿಸುವ ತಾಳ್ಮೆ ಇರುವವರಿಗೆ ಏರ್ ಶಾಕ್ ಅನುಕೂಲ. ಸದಾ ಒಂಟಿಯಾಗಿ ಅಥವಾ ಸದಾ ಜೋಡಿಯಾಗಿ ಸಾಗುವವರಿಗೆ, ದುರಸ್ತಿ ಸಿಗದ ಊರುಗಳನ್ನು ಹಾಯುವವರಿಗೆ ತಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗೇ ಕ್ಷೇಮ. ಆದರೆ ಯಾವ ಶಾಕ್ ಹಾಕಿಸಿದರೂ ಬೈಕ್‌ನ ಗರಿಷ್ಠ ಹೊರೆಯ ಮಿತಿ ಹೆಚ್ಚದು. ಆ ಮಿತಿಯನ್ನು ಚೌಕಟ್ಟು, ಟೈರು, ಬ್ರೇಕ್‌ಗಳೆಲ್ಲವನ್ನೂ ಲೆಕ್ಕಹಾಕಿ ನಿಗದಿ ಮಾಡಲಾಗಿರುತ್ತದೆ.