ಸೌದೆ ಒಟ್ಟಿಲಿನಲ್ಲಿ ಕಂಡ ಬೋರರ್

ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ, ಕ್ರೈಸ್ಟ್ ವಿಶ್ವವಿದ್ಯಾಲಯದ ಹಿಂಬದಿಯ ಒಂದು ಓಣಿಯಲ್ಲಿ, ನಮ್ಮ ಬಂಧುಗಳ ಹಳೆಯ ಮನೆಯೊಂದಿದೆ. ಸುತ್ತಲೂ ಅಂತಸ್ತಿನ ಮೇಲೆ ಅಂತಸ್ತು ಎದ್ದಿದ್ದರೂ ಆ ಮನೆಗೆ ಒಂದಿಷ್ಟು ಹಿತ್ತಿಲು ಉಳಿದಿದೆ. ಬಚ್ಚಲಲ್ಲಿ ತಾಮ್ರದ ಹಂಡೆಯೂ ಇದೆ. ಮನೆಯ ಹಿರಿಯ ಹೆಂಗಸಿಗೆ ಗೀಸರಿನ ನೀರು ಒಗ್ಗದು. ಅವರಿಗೆಂದು ವರ್ಷಕ್ಕೊಮ್ಮೆ ನಮ್ಮ ಕೊಪ್ಪ ತಾಲ್ಲೂಕಿನ ತೋಟದಿಂದ ಕಾಫಿ ಸೌದೆ ಕಳಿಸುವುದು ರೂಢಿ. ಕಾಫಿ ಸೌದೆಯ ಕೆಂಡ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಓದುಗ ಸದಸ್ಯರಿಗೆ ನಾವು ಹೇಳಬೇಕಾಗಿಲ್ಲ.

ಕಳೆದ ವರ್ಷ ಏಪ್ರಿಲಿನಲ್ಲಿ ಆ ಮನೆಯಿಂದ ಫೋನು ಬಂತು. ಸೌದೆ ಒಟ್ಟಿಲಿನಲ್ಲಿ ಏನೋ ಜೀವವಿದೆ, ದಿನವೂ ಬುಡದಲ್ಲಿ ಪುಡಿ ಬೀಳುತ್ತದೆ, ಹಾವಿರಬಹುದೆಂದು ಯಾರೂ ಕೈ ಹಾಕುತ್ತಿಲ್ಲ ಎಂಬ ವರ್ತಮಾನ. ಹಾವು ಪುಡಿ ಉದುರಿಸುವುದಿಲ್ಲವೆಂದು ಹೇಳಿ ನಕ್ಕೆವು. ಆ ವಾರ ಬೇರೆ ಕೆಲಸಕ್ಕೆ ಹೇಗೂ ಬೆಂಗಳೂರಿಗೆ ಹೋಗುವುದಿತ್ತು. ಹೋದವರು ಕೋಲು ಹಿಡಿದು ಮೇಲಿನಿಂದ ಒಂದೊಂದೇ ಕೊರಡು ತೆಗೆಯುತ್ತಾ ಬಂದೆವು. ಒಂದು ಹಾವುರಾಣಿ, ಎರಡು ಕಪ್ಪೆ, ಲೆಕ್ಕವಿಲ್ಲದಷ್ಟು ಜಿರಳೆ, ಅಡಿಯಲ್ಲಿ ಹೆಗ್ಗಣದ ಬಿಲ. ಹಾವಿರಲಿಲ್ಲ. ಮನೆಯವರಿಗೆ ಸಮಾಧಾನವಾಯಿತು.

ನಮಗೆ ಆಗಲಿಲ್ಲ. ಅಷ್ಟರಲ್ಲಿ ಆ ಮನೆಯ ಹುಡುಗ ಒಂದು ಬೆಂಕಿಪೊಟ್ಟಣ ತಂದು ತೋರಿಸಿದ. ಒಣಗಲು ಹಾಕಿದ ಬಟ್ಟೆಯ ಮೇಲೆ ಕೂತಿದ್ದನ್ನು ಹಿಡಿದದ್ದಂತೆ. ಕಪ್ಪು ಮೈ, ಮೇಲೆ ಬಿಳಿಯ ಪಟ್ಟೆ, ಒಂದರಿಂದ ಒಂದೂವರೆ ಸೆಂಟಿಮೀಟರ್ ಉದ್ದ. ಅದು ಕಣಜವೋ ಜೇನೋ ಎಂದು ಅವರಲ್ಲಿ ಚರ್ಚೆ ನಡೆದಿತ್ತು. ಅದು ನಮ್ಮ ಬಿಳಿ ಕಾಂಡಕೊರಕದ ದುಂಬಿ, ನಮ್ಮ ತೋಟದಿಂದ ನಾವೇ ಗಾಡಿಗೆ ಹೇರಿ ಕಳಿಸಿದ್ದು. ಕೊರಡುಗಳನ್ನು ತಿರುಗಿಸಿ ನೋಡಿದರೆ ಸೀಸದಕಡ್ಡಿಗಿಂತ ಕಿರಿದಾದ ದುಂಡು ತೂತುಗಳು. ಒಂದನ್ನು ಸೀಳಿದೆವು. ಒಳಗೆ ಸುರಂಗದ ತುಂಬ ಗಟ್ಟಿಯಾಗಿ ಒತ್ತಿದ ಪುಡಿ. ಕೊಯ್ದ ತುದಿಗಳಿಂದ ಉದುರುತ್ತಿದ್ದದ್ದು ಅದೇ. ಒಂದು ಗೂಡಿನಲ್ಲಿ ಇನ್ನೂ ಹೊರಗೆ ಬಾರದ ದುಂಬಿಯೊಂದು ಮೀಸೆ ಆಡಿಸುತ್ತಿತ್ತು.

ಮಾರ್ಚ್‌ನಲ್ಲಿ ಬುಡಸಮೇತ ಕಿತ್ತ ಗಿಡಗಳವು. ಬೇರಿಲ್ಲ, ಎಲೆಯಿಲ್ಲ, ತುಂಡು ತುಂಡಾಗಿ ಕೊಯ್ದು ಬಿಸಿಲಿಗೆ ಒಟ್ಟಿದ್ದು. ಗಿಡ ಸತ್ತಿದ್ದರೂ ಹುಳುವಿಗೆ ಅದರ ಪರಿವೆ ಇರಲಿಲ್ಲ. ಸುದ್ದಗುಂಟೆಪಾಳ್ಯದಲ್ಲಿ ಕಾಫಿ ತೋಟವಿಲ್ಲ, ಅಲ್ಲಿ ಆ ದುಂಬಿ ಹಾರಿ ಮಾಡುವುದೇನೂ ಇಲ್ಲ. ಆದರೆ ಅದೇ ಮಾರ್ಚ್‌ನ ಸೌದೆಯ ಮುಕ್ಕಾಲು ಪಾಲು ಊರಿನಲ್ಲಿ, ಕಣದ ಅಂಚಿನಲ್ಲಿ, ಅರೇಬಿಕಾ ಪಟ್ಟೆಗೆ ತಾಗಿಕೊಂಡಂತೆ ಒಟ್ಟಿತ್ತು. ಆ ರಾತ್ರಿಯ ಬಸ್ಸಿನಲ್ಲಿ ನಮಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಬಂದು ಒಟ್ಟಿಲು ಬಿಚ್ಚಿದಾಗ ಅರ್ಧಕ್ಕರ್ಧ ಕೊರಡು ಖಾಲಿ ಮನೆಗಳಾಗಿದ್ದವು. ಹಾರಬೇಕಾದ್ದು ಹಾರಿಯಾಗಿತ್ತು. ಉಳಿದದ್ದನ್ನು ಅಂದೇ ಸುಟ್ಟೆವು.

ಇನ್ನೊಂದು ಮಾತನ್ನು ನಾಚಿಕೆಯಿಂದಲೇ ಹೇಳಬೇಕು. ಆ ವರ್ಷ ಫೆಬ್ರವರಿ ಕೊನೆಯಲ್ಲಿ, ಬೋರರ್ ಗಿಡಗಳನ್ನು ಗುರುತಿಸಿ ಕಿತ್ತು ಸುಡತಕ್ಕದ್ದು ಎಂದು ಸಂಘದಿಂದ ಸದಸ್ಯರಿಗೆ ಹೋದ ಸುತ್ತೋಲೆಗೆ ಸಹಿ ಹಾಕಿದವರು ನಾವೇ. ಗುರುತಿಸಿದೆವು, ಕಿತ್ತೆವು. ಸುಡುವ ಹೊತ್ತಿಗೆ ಮಾತ್ರ ಕೈ ಹಿಂಜರಿಯಿತು. ಇಷ್ಟು ಒಳ್ಳೆಯ ಸೌದೆಯನ್ನು ಬಯಲಲ್ಲಿ ಬೂದಿ ಮಾಡುವುದೇ? ಬಚ್ಚಲೊಲೆಗಾದರೂ ಆದೀತು ಎಂದೆವು. ಸಂಘದ ಎಷ್ಟು ಸದಸ್ಯರ ಕಣದಲ್ಲಿ ಇಂಥ ಒಟ್ಟಿಲು ನಿಂತಿದೆಯೆಂಬುದನ್ನು ಆಮೇಲೆ ಕಣ್ಣಾರೆ ಕಂಡಿದ್ದೇವೆ. ಆದ್ದರಿಂದ ಇದು ನಮ್ಮೊಬ್ಬರದೇ ಜಿಪುಣತನವಲ್ಲ.

ದುಂಬಿ ಹಾರುವ ಕಾಲ ಎರಡು: ಏಪ್ರಿಲ್-ಮೇ ಒಂದು, ಅಕ್ಟೋಬರಿನಿಂದ ಡಿಸೆಂಬರ್ ಇನ್ನೊಂದು. ಹೆಣ್ಣು ದುಂಬಿ ಬಿಸಿಲು ಬೀಳುವ ಕಾಂಡವನ್ನು ಆರಿಸಿ ತೊಗಟೆಯ ಬಿರುಕಿನಲ್ಲಿ 50ರಿಂದ 100 ಮೊಟ್ಟೆ ಇಡುತ್ತದೆ. ಸುಮಾರು 10 ದಿನಕ್ಕೆ ಮರಿ. ಮೊದಲು ತೊಗಟೆಯಡಿ, ಆಮೇಲೆ ಗಟ್ಟಿಮರದೊಳಗೆ ಒಂಬತ್ತು ಹತ್ತು ತಿಂಗಳು ಕೊರೆದು, ಕೋಶವಾಗಿ, ಹೊರಗೆ ಬರುವಾಗ ಹೆಚ್ಚುಕಡಿಮೆ ವರ್ಷ. ಮಾರ್ಚ್‌ನಲ್ಲಿ ನಾವು ಕೀಳುವ ಗಿಡದೊಳಗೆ ಇರುವುದು ಬೆಳೆದು ಮುಗಿದ ಹುಳು ಅಥವಾ ಕೋಶ. ಅದಕ್ಕೆ ಇನ್ನು ಹಸಿ ಗಿಡದ ಹಂಗಿಲ್ಲ. ಪರೀಕ್ಷೆಗೆ ದುಂಬಿ ಬೇಕಾದಾಗ ಸಂಶೋಧಕರು ಮಾಡುವುದೂ ಇದನ್ನೇ: ಬೋರರ್ ಹೊಡೆದ ಕಾಂಡಗಳನ್ನು ಪಂಜರದಲ್ಲಿ ಜೋಡಿಸಿಟ್ಟು ಕಾಯುತ್ತಾರೆ, ದುಂಬಿ ತಾನಾಗಿ ಬರುತ್ತದೆ. ನಾವು ಕಣದಲ್ಲಿ ಮಾಡಿದ್ದು ಪಂಜರವಿಲ್ಲದ ಅದೇ ಪ್ರಯೋಗ.

ಈ ಶತ್ರು ಹೊಸದಲ್ಲ. 1860ರ ದಶಕದಲ್ಲಿ ಕೊಡಗು, ಮೈಸೂರು ಸೀಮೆಯ ತೋಟಗಳನ್ನು ಇದು ಹಾಳುಗೆಡವಿದಾಗ ಮದರಾಸು ಸರ್ಕಾರ ಜಾರ್ಜ್ ಬಿಡೀ ಎಂಬ ವೈದ್ಯಾಧಿಕಾರಿಯನ್ನು ವಿಚಾರಣೆಗೆ ಕಳಿಸಿತು. ಆತನ ವರದಿ ಅಚ್ಚಾದದ್ದು 1869ರಲ್ಲಿ. ನಮ್ಮ ಕಾಲದಲ್ಲಿ ಕಾಂಡಕ್ಕೆ ಬಿ.ಎಚ್.ಸಿ., ಆಮೇಲೆ ಲಿಂಡೇನ್ ಬಳಿದೆವು. ಮೊದಲನೆಯದು 1997ರಲ್ಲಿ, ಎರಡನೆಯದು 2013ರಲ್ಲಿ ನಿಷೇಧವಾದವು. ಈಗ ಕೈಯಲ್ಲಿ ಉಳಿದಿರುವುದು ನೆರಳು, ತೊಗಟೆ ಉಜ್ಜುವುದು, ಕಾಂಡಕ್ಕೆ ಶೇಕಡ 10ರ ಸುಣ್ಣ, ಗಂಡು ದುಂಬಿಯ ವಾಸನೆಯನ್ನು ಹೋಲುವ ಮದ್ದಿಟ್ಟ ಮೋಹಕ ಬಲೆ, ಮತ್ತು ಮಾರ್ಚ್, ಸೆಪ್ಟೆಂಬರ್‌ಗಳ ಟ್ರೇಸಿಂಗ್. ಇಷ್ಟನ್ನೂ ಮಾಡಿ ಕಿತ್ತ ಗಿಡವನ್ನು ತೋಟದ ಪಕ್ಕದಲ್ಲೇ ಇಟ್ಟುಕೊಂಡರೆ ಆಳಿನ ಕೂಲಿ ನೀರಿಗೆ ಹಾಕಿದಂತೆ.

ನಮಗೆ ಬಿದ್ದ ದಂಡ ಈ ವರ್ಷ ಮಾರ್ಚ್‌ನಲ್ಲಿ ತಿಳಿಯಿತು. ಕಣಕ್ಕೆ ಹತ್ತಿದ ಮೂರು ಸಾಲಿನಲ್ಲೇ 23 ಗಿಡಗಳ ಕಾಂಡದಲ್ಲಿ ಉಬ್ಬುಗೆರೆ, ಎಲೆ ಹಳದಿ. ಅದರ ಹಿಂದಿನ ಟ್ರೇಸಿಂಗಿನಲ್ಲಿ ಅಲ್ಲಿ ಸಿಕ್ಕಿದ್ದು ನಾಲ್ಕೇ. ಅಷ್ಟೂ ಒಟ್ಟಿಲಿನದೇ ಪಾಪವೆನ್ನಲಾರೆವು, ಕಣದಂಚಿನ ಬಿಸಿಲೂ ಸೇರಿರಬೇಕು. ಆದರೆ ಬಿಸಿಲು ಅಲ್ಲಿ ಹಿಂದೆಯೂ ಇತ್ತು. ಹತ್ತು ವರ್ಷದೊಳಗಿನ, ಫಸಲಿಗೆ ಕೂತ ಗಿಡಗಳು. ಮನೆಯವರು ಏನೂ ಅನ್ನಲಿಲ್ಲ, ಎಣಿಸಿ ಹೇಳಿದರು, ಅಷ್ಟೆ.

ಸೌದೆ ಬೇಡವೆನ್ನುವುದು ನಮ್ಮ ಮಾತಲ್ಲ. ಬೇಕಿದ್ದವರು ಕಿತ್ತ ಕಾಂಡವನ್ನು ಅಂದೇ ತುಂಡು ಮಾಡಿ ಕೆರೆಯಲ್ಲೋ ತೊಟ್ಟಿಯಲ್ಲೋ 7ರಿಂದ 10 ದಿನ ಮುಳುಗಿಸಿಡಬೇಕು. ಕಾಫಿ ಕೊರಡು ತೇಲಲು ನೋಡುತ್ತದೆ, ಮೇಲೆ ಕಲ್ಲು ಹೇರಬೇಕು. ಒಳಗಿನ ಹುಳು ಸಾಯುತ್ತದೆ, ಒಣಗಿದ ಮೇಲೆ ಸೌದೆ ಸೌದೆಯೇ. ಮಾರ್ಚ್‌ನಲ್ಲಿ ಕೆರೆ ಬತ್ತಿದವರಿಗೆ ಇದು ಕಷ್ಟ, ಅವರು ಸುಡುವುದೇ ಸರಿ. ಅಡಿಕೆ ಬೇಯಿಸುವ ಸದಸ್ಯರಿಗೆ ಒಂದು ಅನುಕೂಲವುಂಟು. ಸೆಪ್ಟೆಂಬರಿನಲ್ಲಿ ಕಿತ್ತದ್ದನ್ನು ಅಡಿಕೆ ಒಲೆಗೆ ಮೊದಲು ಹಾಕಿ, ಕಾಡುಸೌದೆಯನ್ನು ಆಮೇಲೆ ಮುಟ್ಟಲಿ. ನಮ್ಮಲ್ಲಿ ನಡೆಯುವುದು ಇದರ ತಿರುಗುಮುರುಗು. ಕಾಫಿ ಸೌದೆ ಒಳ್ಳೆಯದೆಂದು ಕೊನೆಯ ಬೇಯಿಕೆಗೆ ಎತ್ತಿಡುತ್ತೇವೆ. ಅಷ್ಟರಲ್ಲಿ ಡಿಸೆಂಬರ್ ಬಂದಿರುತ್ತದೆ. ಒಲೆ ಹೊತ್ತುವುದು ತಡವಾಗುವುದಾದರೆ ಇದಕ್ಕೂ ನೀರಿನದೇ ದಾರಿ.

ಪುಡಿ ಕಂಡಲ್ಲೆಲ್ಲ ಗಾಬರಿಯೂ ಬೇಡ. ಒಣ ಬಿದಿರಿನಲ್ಲಿ ಸೂಜಿಮೊನೆಯಂಥ ತೂತು, ಹಿಟ್ಟಿನಂಥ ಪುಡಿ ಕಂಡರೆ ಅದು ಬೇರೆ ಹುಳು, ಕಾಫಿಯ ತಂಟೆಗೆ ಬರುವುದಲ್ಲ.

ಸೆಪ್ಟೆಂಬರ್ ಟ್ರೇಸಿಂಗ್ ಹತ್ತಿರ ಬಂದಿದೆ. ನೆರೆಯವರ ಒಟ್ಟಿಲಿನಿಂದ ಎದ್ದ ದುಂಬಿಗೆ ಬೇಲಿ ಅಡ್ಡವಲ್ಲವಾದ್ದರಿಂದ, ಸಂಘದ ಮುಂದಿನ ಸಭೆಗೆ ಬರುವವರು ತಮ್ಮ ಕಣದಂಚನ್ನು ಒಮ್ಮೆ ನೋಡಿಕೊಂಡೇ ಬರಬೇಕೆಂದು ಕೋರಿಕೆ.

ಸುದ್ದಗುಂಟೆಪಾಳ್ಯಕ್ಕೆ ಈ ಬಾರಿ ಹತ್ತು ದಿನ ಕೆರೆಯಲ್ಲಿ ನೆನೆದ ಸೌದೆಯನ್ನು ಒಣಗಿಸಿ ಕಳಿಸಿದ್ದೇವೆ. ಪುಡಿ ಉದುರುತ್ತಿಲ್ಲವಂತೆ. ಹೊಗೆ ಹೆಚ್ಚು ಎಂದು ಹಿರಿಯರಿಂದ ದೂರು ಬಂದಿದೆ.