ಎತ್ತರಿಸಿದ ವಾಹನಗಳಲ್ಲಿ ಕ್ಯಾಸ್ಟರ್ ಕೋನ

ವಾಹನವನ್ನು ಪಕ್ಕದಿಂದ ನೋಡಿದಾಗ, ಮುಂಚಕ್ರವು ಎಡಬಲಕ್ಕೆ ತಿರುಗುವ ಅಕ್ಷವು ಲಂಬರೇಖೆಯಿಂದ ವಾಲಿರುವ ಪ್ರಮಾಣವೇ ಕ್ಯಾಸ್ಟರ್ ಕೋನ. ಅಕ್ಷದ ಮೇಲ್ತುದಿ ಹಿಂದಕ್ಕೆ ವಾಲಿದ್ದರೆ ಅದು ಧನಾತ್ಮಕ ಕ್ಯಾಸ್ಟರ್. ಆಗ ಅಕ್ಷರೇಖೆಯು ಟೈರು ಊರಿರುವ ಜಾಗಕ್ಕಿಂತ ಮುಂದೆ ನೆಲವನ್ನು ಸಂಧಿಸುವುದರಿಂದ, ಬೈಸಿಕಲ್ಲಿನ ಮುಂಚಕ್ರದಂತೆ, ಚಕ್ರವು ತಾನಾಗಿಯೇ ನೇರ ದಿಕ್ಕಿಗೆ ಮರಳುತ್ತದೆ.

ಸುಜುಕಿ ಜಿಮ್ನಿಯಂತಹ ವಾಹನಗಳಲ್ಲಿ ಅಖಂಡ ಮುಂದಿನ ಆಕ್ಸಲನ್ನು ಎರಡು ರೇಡಿಯಸ್ ಆರ್ಮ್‌ಗಳು ಹಿಡಿದಿರುತ್ತವೆ. ಅವುಗಳ ಹಿಂತುದಿ ಚಾಸಿಗೆ ಜೋಡಣೆಗೊಂಡಿರುತ್ತದೆ. ಉದ್ದನೆಯ ಕಾಯಿಲ್ ಸ್ಪ್ರಿಂಗ್ ಅಳವಡಿಸಿದಾಗ ಆರ್ಮ್‌ಗಳು ಕೆಳಕ್ಕೆ ಬಾಗಿ, ಅವುಗಳೊಡನೆ ಆಕ್ಸಲ್ ಕೂಡ ಮುಂದಕ್ಕೆ ಹೊರಳುತ್ತದೆ. ಆರ್ಮ್ 1 ಮೀಟರ್ ಉದ್ದವಿದೆಯೆಂದು ಭಾವಿಸಿದರೆ, 50 ಮಿ.ಮೀ. ಎತ್ತರಿಸಿದಾಗ ಸುಮಾರು 3 ಡಿಗ್ರಿ ಕ್ಯಾಸ್ಟರ್ ನಷ್ಟವಾಗುತ್ತದೆ. ಮೂಲ ಕೋನವೇ ಕೆಲವು ಡಿಗ್ರಿಗಳಷ್ಟಿರುವುದರಿಂದ ಇದು ಅಲ್ಪವಲ್ಲ. ಹೆದ್ದಾರಿಯ ವೇಗದಲ್ಲಿ ವಾಹನವು ಅತ್ತಿತ್ತ ಅಲೆಯತೊಡಗುತ್ತದೆ. ಚಾಲಕನು ಸ್ಟಿಯರಿಂಗನ್ನು ಎಡೆಬಿಡದೆ ತಿದ್ದುತ್ತಿರಬೇಕಾಗುತ್ತದೆ.

ಸವೆದ ಕೀಲುಗಳು ಹಾಗೂ ತಪ್ಪಾದ ಟೋ ಹೊಂದಾಣಿಕೆಯಿಂದಲೂ ಇಂತಹ ಅಲೆದಾಟ ಉಂಟಾಗುವುದರಿಂದ ಮೊದಲು ಅವನ್ನು ಪರೀಕ್ಷಿಸಿ, ಬಳಿಕ ಕೋನವನ್ನು ಅಳೆಯಬೇಕು. ಕಳೆದುಹೋದ ಕ್ಯಾಸ್ಟರನ್ನು ಮರಳಿ ಪಡೆಯಲು ರಂಧ್ರವು ಕೇಂದ್ರದಿಂದ ಸರಿದಿರುವ ಬುಶ್‌ಗಳನ್ನು, ಮಾರ್ಪಡಿಸಿದ ಆರ್ಮ್‌ಗಳನ್ನು ಅಥವಾ ಆರ್ಮ್‌ನ ಹಿಂತುದಿಯನ್ನು ಕೆಳಗಿಳಿಸುವ ಬ್ರಾಕೆಟ್‌ಗಳನ್ನು ಬಳಸುತ್ತಾರೆ. ಪಟ್ಟೆ ಸ್ಪ್ರಿಂಗ್‌ಗಳುಳ್ಳ ಮಾರುತಿ ಜಿಪ್ಸಿಯಲ್ಲಿ ಸ್ಪ್ರಿಂಗ್ ಮತ್ತು ಆಕ್ಸಲ್‌ಗಳ ನಡುವೆ ಬೆಣೆಯಾಕಾರದ ಲೋಹದ ತುಂಡನ್ನು ಇರಿಸಬಹುದು. ಅನೇಕರು ಮೊದಲು ಕೊಳ್ಳುವ ಸ್ಟಿಯರಿಂಗ್ ಡ್ಯಾಂಪರ್ ಲಕ್ಷಣವನ್ನು ಮರೆಮಾಚೀತೇ ಹೊರತು ಕೋನವನ್ನು ಸರಿಪಡಿಸದು. ತಿದ್ದುವಿಕೆಗೂ ಮಿತಿಯುಂಟು: ಆಕ್ಸಲನ್ನು ಹಿಂದಕ್ಕೆ ಹೊರಳಿಸಿದಷ್ಟೂ ಡಿಫರೆನ್ಷಿಯಲ್‌ನ ಪಿನಿಯನ್ ಕೆಳಮುಖವಾಗಿ, ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ ಕಂಪನ ಕಾಣಿಸಿಕೊಳ್ಳಬಹುದು.