ಭಟ್ಟಿಗೆ ಹೋದ ಮಗುವಿನ ಊಟ ಎಲ್ಲಿ?

ಕಲ್ಯಾಣದಿಂದ ಕಸಾರಾ ಲೋಕಲ್ ಹಿಡಿದರೆ, ಆಸನಗಾಂವ್ ಬರುವಷ್ಟರಲ್ಲಿ ಬಹುಮಹಡಿ ಕಟ್ಟಡಗಳು ಹಿಂದೆ ಉಳಿದು ಗದ್ದೆ, ಗುಡ್ಡಗಳು ಕಾಣತೊಡಗುತ್ತವೆ. ಇದು ಠಾಣೆ ಜಿಲ್ಲೆಯ ಶಹಾಪುರ ತಾಲ್ಲೂಕು. ಮುಂಬಯಿಗೆ ನೀರುಣಿಸುವ ತಾನ್ಸಾ, ಭಾತ್ಸಾ ಜಲಾಶಯಗಳು ಇರುವುದು ಇಲ್ಲೇ. ಇಲ್ಲಿಯೂ ನೆರೆಯ ಮುರಬಾಡದಲ್ಲಿಯೂ ಠಾಕೂರ್, ವಾರ್ಲಿ, ಕಾತ್ಕರಿ ಆದಿವಾಸಿಗಳ ಪಾಡಾಗಳು, ಅಂದರೆ ಹಾಡಿಗಳು ಇವೆ. ಮಕ್ಕಳ ಅಪೌಷ್ಟಿಕತೆ ಈ ಪಾಡಾಗಳನ್ನು ಇನ್ನೂ ಬಿಟ್ಟಿಲ್ಲ.

ಇದು ಹಳೆಯ ಗಾಯ. 1992-93ರಲ್ಲಿ ಜವ್ಹಾರ್ ತಾಲ್ಲೂಕಿನ ವಾವರ್-ವಾಂಗಣಿಯಲ್ಲಿ ಹಲವಾರು ಮಕ್ಕಳು ಸತ್ತಾಗ ದೇಶವೇ ಬೆಚ್ಚಿತ್ತು. ಜವ್ಹಾರ್ ಆಗ ಠಾಣೆ ಜಿಲ್ಲೆಯಲ್ಲಿತ್ತು. 2014ರಲ್ಲಿ ಪಾಲ್ಘರ್‌ಗೆ ಸೇರಿತು. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಮಕ್ಕಳ ಅಪೌಷ್ಟಿಕತೆ ನೀಗಲು ರಾಜಮಾತಾ ಜಿಜಾವು ಮಿಷನ್ ಆರಂಭಿಸಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ನಾಲ್ವರಲ್ಲಿ ಒಬ್ಬರಿಗೆ ಎತ್ತರಕ್ಕೆ ತಕ್ಕ ತೂಕವಿಲ್ಲ.

ಯೋಜನೆಗಳಿಗೆ ಕೊರತೆಯಿಲ್ಲ. 1975ರ ಅಕ್ಟೋಬರ್ 2ರಂದು 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಮುಂಬಯಿಯ ಧಾರಾವಿ, ನಮ್ಮ ಟಿ. ನರಸೀಪುರ ಎರಡೂ ಸೇರಿದ್ದವು. ಮಹಾರಾಷ್ಟ್ರದಲ್ಲಿ ಇದರ ಆಡಳಿತ ನಡೆಯುವುದು ನವಿ ಮುಂಬಯಿಯ ಬೇಲಾಪುರದಿಂದ. 2015ರಲ್ಲಿ ಬಂದ ಅಬ್ದುಲ್ ಕಲಾಂ ಅಮೃತ ಆಹಾರ ಯೋಜನೆ ಆದಿವಾಸಿ ಬಸುರಿ-ಬಾಣಂತಿಯರಿಗೆ ಒಂದು ಹೊತ್ತಿನ ಬಿಸಿಯೂಟ ಕೊಡುತ್ತದೆ. ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು.

ತೊಡಕಿರುವುದು ಬೇರೆ ಕಡೆ. ಭತ್ತದ ಕೊಯ್ಲು, ದೀಪಾವಳಿ ಮುಗಿದರೆ ಅನೇಕ ಕಾತ್ಕರಿ ಕುಟುಂಬಗಳು ಮುಂಗಡ ಪಡೆದು ಭಿವಂಡಿ, ಕಲ್ಯಾಣ ಸುತ್ತಿನ ಇಟ್ಟಿಗೆ ಭಟ್ಟಿಗಳಿಗೆ ಗುಳೆ ಹೋಗುತ್ತವೆ. ಮರಳುವುದು ಮಳೆಗಾಲದ ಹೊತ್ತಿಗೆ. ಅಂಗನವಾಡಿ ಊರಲ್ಲಿ, ಮಗು ಭಟ್ಟಿಯಲ್ಲಿ! ತಾಯಿ ಮಣ್ಣು ಕಲಸುತ್ತ, ಇಟ್ಟಿಗೆ ಹೊರುತ್ತ ಇದ್ದರೆ ಎರಡು ವರ್ಷದ ಕೂಸಿಗೆ ಹೊತ್ತುಹೊತ್ತಿಗೆ ತಿನ್ನಿಸುವವರು ಯಾರು? ಪುಟ್ಟ ಹೊಟ್ಟೆ ಒಮ್ಮೆಲೇ ಹೆಚ್ಚು ಹಿಡಿಯದು. ದಿನಕ್ಕೆ ನಾಲ್ಕೈದು ಬಾರಿ ಕೊಡಬೇಕು.

ಕುತ್ತನ್ನು ಗುರುತಿಸುವುದು ಕಷ್ಟವಲ್ಲ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಳೆಯಲು ಒಂದು ಬಣ್ಣದ ಪಟ್ಟಿ ಸಾಕು. ಮೊದಲ ಆರು ತಿಂಗಳು ಎದೆಹಾಲು ಮಾತ್ರ. ಆಮೇಲೆ ಎದೆಹಾಲಿನ ಜೊತೆಗೆ ಇಲ್ಲಿನ ಗುಡ್ಡಗಳಲ್ಲೇ ಬೆಳೆಯುವ ನಾಗ್ಲಿ, ಅಂದರೆ ನಮ್ಮ ರಾಗಿ, ಬೇಳೆ, ಸೊಪ್ಪು, ಮೊಟ್ಟೆ, ಚೂರು ಎಣ್ಣೆ. ಬೇಕಾದದ್ದು ಇಷ್ಟೇ.

2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ಆದರೆ ಭಟ್ಟಿಯಲ್ಲಿ ಮಗುವಿದೆಯೆಂದು ಯಾರಾದರೂ ಹೇಳಬೇಕಲ್ಲ! ಡೊಂಬಿವಲಿ, ಕಲ್ಯಾಣದ ಕನ್ನಡಿಗರು ಊರ ಹೊರಗಿನ ಭಟ್ಟಿಯಲ್ಲಿ ಚಿಕ್ಕ ಮಕ್ಕಳನ್ನು ಕಂಡರೆ ಹತ್ತಿರದ ಅಂಗನವಾಡಿ ಸೇವಿಕೆಗೆ ಒಂದು ಮಾತು ತಿಳಿಸಿ.